ಡೇಟಾಬೇಸ್‌ನಲ್ಲಿದ್ದ ಆರ್ಡರ್ ಅಂಗಡಿಗೆ ಯಾಕೆ ಹೋಗಲಿಲ್ಲ?

"ಸರ್, ಗಿರಾಕಿ ಬಂದು ಕೌಂಟರ್ ಮುಂದೆ ನಿಂತಿದ್ದಾರೆ. ದುಡ್ಡು ಕಟ್ ಆಗಿದೆ ಅಂತಾರೆ. ನಮ್ಮ ಟ್ಯಾಬ್‌ನಲ್ಲಿ ಆರ್ಡರೇ ಇಲ್ಲ."

ಅಂಗಡಿ ನೋಡಿಕೊಳ್ಳುವವರಿಂದ ಈ ಫೋನ್ ಬಂದಾಗ ಡೇಟಾಬೇಸ್ ತೆಗೆದು ನೋಡಿದೆ. ಆರ್ಡರ್ ಇತ್ತು. ಪೇಮೆಂಟೂ ಆಗಿತ್ತು. ಅಂಗಡಿಗೆ ಹೋಗಬೇಕಾದ ಮೆಸೇಜ್ ಮಾತ್ರ ಹೋಗಿರಲಿಲ್ಲ.

ನಮ್ಮದು ದಿನಸಿ ಮಾರುವ ಚಿಕ್ಕ ಆ್ಯಪ್. ಆರ್ಡರ್‌ಗಳೆಲ್ಲ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿರುತ್ತವೆ. ಪ್ಯಾಕಿಂಗ್, ಸ್ಟಾಕ್, ಎಸ್ಸೆಮ್ಮೆಸ್ ಈ ಮೂರು ಸರ್ವಿಸ್‌ಗಳಿಗೆ ಸುದ್ದಿ ಮುಟ್ಟಿಸುವುದು ಗೂಗಲ್ ಕ್ಲೌಡ್‌ನ ಮೆಸೇಜ್ ಸೇವೆ ಪಬ್‌ಸಬ್. ನಾನು ಬರೆದ ಕೋಡ್ ತುಂಬ ಸರಳವಾಗಿತ್ತು: ಮೊದಲು ಆರ್ಡರ್ ಕಮಿಟ್ (ಡೇಟಾಬೇಸ್‌ನಲ್ಲಿ ಖಾಯಂ ಮಾಡುವುದು), ಆಮೇಲೆ ಮೆಸೇಜ್ ಪಬ್ಲಿಷ್ (ಪಬ್‌ಸಬ್‌ಗೆ ಹಾಕುವುದು). ಅವತ್ತು ಮಧ್ಯಾಹ್ನ ನಾನೇ ಹೊಸ ವರ್ಷನ್ ಡಿಪ್ಲಾಯ್ ಮಾಡಿದ್ದೆ, ಅಂದರೆ ಹಳೇ ಪ್ರೋಗ್ರಾಮ್ ನಿಲ್ಲಿಸಿ ಹೊಸದನ್ನು ಓಡಿಸಿದ್ದೆ. ಕಮಿಟ್ ಆಯಿತು, ಪಬ್ಲಿಷ್ ಆಗುವಷ್ಟರಲ್ಲಿ ಹಳೇ ಪ್ರೋಸೆಸ್ ಸತ್ತಿತ್ತು.

ಆ ಎರಡು ಸಾಲು ಅದಲುಬದಲು ಮಾಡಿದರೆ ಸರಿಹೋಗಲ್ವಾ ಅಂತ ಟೀಮಿನಲ್ಲಿ ಒಬ್ಬರು ಕೇಳಿದರು. ಆಗ ಪಬ್ಲಿಷ್ ಆದ ಮೇಲೆ ಕಮಿಟ್ ಫೇಲಾದರೆ, ಇಲ್ಲದ ಆರ್ಡರ್‌ಗೆ ಅಂಗಡಿಯವರು ಅಕ್ಕಿ ತೂಗುತ್ತಾ ಕೂರುತ್ತಾರೆ. ಆದರೆ ಎಲ್ಲ ಬರಹವೂ ಒಟ್ಟಿಗೆ, ಇಲ್ಲದಿದ್ದರೆ ಯಾವುದೂ ಇಲ್ಲ ಅನ್ನೋ ಪೋಸ್ಟ್‌ಗ್ರೆಸ್‌ನ ಟ್ರಾನ್ಸಾಕ್ಷನ್ ಪಬ್‌ಸಬ್‌ವರೆಗೆ ಹೋಗುವುದಿಲ್ಲ. ಎರಡು ದೋಣಿ ಮೇಲೆ ಕಾಲಿಟ್ಟಿದ್ದೆ, ಅಷ್ಟೇ.

ಇದಕ್ಕೆ ಹಳೇ ಮದ್ದು ಔಟ್‌ಬಾಕ್ಸ್. ಆರ್ಡರ್ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ, ಕಳಿಸಬೇಕಾದ ಮೆಸೇಜನ್ನೂ ಇನ್ನೊಂದು ಟೇಬಲ್‌ನಲ್ಲಿ ಬರೆದಿಡುವುದು. ಬರೆದರೆ ಎರಡೂ ಉಳಿಯುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ. ಆಮೇಲೆ ಒಂದು ಪುಟ್ಟ ಪ್ರೋಗ್ರಾಮ್, ನಾವು ಅದನ್ನು ಪೋಸ್ಟ್‌ಮ್ಯಾನ್ ಅಂತ ಕರೆಯುತ್ತೇವೆ, ಸೆಕೆಂಡಿಗೊಮ್ಮೆ ಆ ಟೇಬಲ್ ನೋಡಿ ಪಬ್‌ಸಬ್‌ಗೆ ಹಾಕುತ್ತದೆ.

ಮೊದಲ ಪೋಸ್ಟ್‌ಮ್ಯಾನ್‌ನಲ್ಲೇ ನಾನು ಎಡವಿದೆ. ಪ್ರತಿ ಸಾಲಿಗೂ ಏರುತ್ತಾ ಹೋಗುವ ಐಡಿ ಇತ್ತು. ಕೊನೆಗೆ ಕಳಿಸಿದ ಐಡಿ ನೆನಪಿಟ್ಟುಕೊಂಡು, ಅದಕ್ಕಿಂತ ದೊಡ್ಡದನ್ನು ಮಾತ್ರ ಎತ್ತಿಕೊಳ್ಳುವ ಹಾಗೆ ಬರೆದೆ. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಮತ್ತೆ ಒಂದು ಆರ್ಡರ್ ಮಾಯ.

ಲಾಗ್ ಕೆದಕಿದಾಗ ಕಂಡಿದ್ದು ಇದು. 1041 ಅನ್ನೋ ಐಡಿ ಪಡೆದ ಟ್ರಾನ್ಸಾಕ್ಷನ್ ಸ್ಟಾಕ್ ಟೇಬಲ್‌ನಲ್ಲಿ ಒಂದು ಲಾಕ್‌ಗೆ ಕಾಯುತ್ತಾ ನಿಂತಿತ್ತು. ಅಷ್ಟರಲ್ಲಿ 1042 ಬಂದು ಕಮಿಟ್ ಆಗಿ ಹೋಯಿತು. ಪೋಸ್ಟ್‌ಮ್ಯಾನ್ ಬಂದಾಗ ಅದಕ್ಕೆ 1042 ಮಾತ್ರ ಕಂಡಿತು, ಕಳಿಸಿತು, 1042 ಅಂತ ನೆನಪಿಟ್ಟುಕೊಂಡಿತು. ಆಮೇಲೆ 1041 ಕಮಿಟ್ ಆದರೂ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. ಸೀಕ್ವೆನ್ಸ್ (ಏರುವ ಐಡಿ ಹಂಚುವ ಎಣಿಕೆ) ನಂಬರ್ ಕೊಡುವ ಕ್ರಮ ಬೇರೆ, ಕಮಿಟ್ ಆಗುವ ಕ್ರಮ ಬೇರೆ. ಐಡಿ ಬದಲು ಟೈಮ್ ನೋಡೋಣ ಅಂದರೆ ಅದೂ ಅದೇ ಹಳ್ಳ. ಪೋಸ್ಟ್‌ಗ್ರೆಸ್‌ನ 'ನೌ' ಕೊಡುವುದು ಟ್ರಾನ್ಸಾಕ್ಷನ್ ಶುರುವಾದ ಹೊತ್ತನ್ನು, ಕಮಿಟ್ ಆದ ಹೊತ್ತನ್ನಲ್ಲ.

ಕೊನೆಗೆ 'ಕಳಿಸಿದ ಸಮಯ' ಅನ್ನೋ ಒಂದು ಕಾಲಂ ಸೇರಿಸಿದೆ. ಅದು ನಲ್ (ಖಾಲಿ) ಇರುವ ಸಾಲುಗಳನ್ನು ನೂರು ನೂರರಂತೆ 'ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್' (ಸಾಲಿಗೆ ಲಾಕ್ ಹಾಕು, ಬೇರೆಯವರು ಲಾಕ್ ಹಾಕಿದ್ದನ್ನು ಬಿಟ್ಟು ಮುಂದೆ ಹೋಗು) ಹಾಕಿ ಎತ್ತಿಕೊಳ್ಳುವುದು, ಪಬ್‌ಸಬ್‌ನಿಂದ ಮೆಸೇಜ್ ಐಡಿ ವಾಪಸ್ ಬಂದ ಮೇಲೆ ಸಮಯ ತುಂಬುವುದು, ಕಮಿಟ್ ಮಾಡುವುದು. ನಲ್ ಇರುವ ಸಾಲುಗಳಿಗಷ್ಟೇ ಒಂದು ಪಾರ್ಶಿಯಲ್ ಇಂಡೆಕ್ಸ್, ಅಂದರೆ ಆ ಸಾಲುಗಳನ್ನು ಬೇಗ ಹುಡುಕುವ ಸೂಚಿ. ಟೇಬಲ್ ಎಷ್ಟೇ ಬೆಳೆದರೂ ಹುಡುಕಾಟ ಚಿಕ್ಕದಾಗೇ ಇರುತ್ತದೆ.

ಡೇಟಾಬೇಸ್‌ನ ಬದಲಾವಣೆಗಳನ್ನು ಹಿಡಿದು ಕಳಿಸುವ ಡೆಬೀಜಿಯಂ ಅನ್ನೋ ರೆಡಿಮೇಡ್ ಸಾಧನ ಯಾಕೆ ಬಳಸಲಿಲ್ಲ ಅಂತ ಕೇಳುವವರಿದ್ದಾರೆ. ಅದು ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗನ್ನೇ ಓದುತ್ತದೆ, ಕಮಿಟ್ ಕ್ರಮದಲ್ಲೇ ಓದುತ್ತದೆ, ಹಾಗಾಗಿ 1041ರ ಗೋಳು ಅಲ್ಲಿಲ್ಲ. ಆದರೆ ಅದಕ್ಕೆ ರೆಪ್ಲಿಕೇಶನ್ ಸ್ಲಾಟ್ ಬೇಕು, ಅಂದರೆ ಲಾಗನ್ನು ಎಲ್ಲಿವರೆಗೆ ಓದಿದೆ ಅನ್ನೋ ಗುರುತು. ಓದುವ ಪ್ರೋಗ್ರಾಮ್ ನಿಂತುಹೋದರೆ ಅದು ಓದದ ಲಾಗನ್ನೆಲ್ಲ ಪೋಸ್ಟ್‌ಗ್ರೆಸ್ ಕೂಡಿಡುತ್ತಾ ಹೋಗುತ್ತದೆ. ಮಿತಿ ಹಾಕದಿದ್ದರೆ ಡಿಸ್ಕೇ ತುಂಬಬಹುದು. ದಿನಕ್ಕೆ ನಾಲ್ಕೈದು ಸಾವಿರ ಆರ್ಡರ್ ಇರುವ ನಮಗೆ, ಇಬ್ಬರೇ ಇರುವ ಟೀಮಿಗೆ, ಆ ತಲೆನೋವು ಜಾಸ್ತಿ ಅನ್ನಿಸಿತು.

ಇನ್ನು ಮೆಸೇಜ್ ಎರಡು ಸಲ ಹೋಗುವ ಕಥೆ. ಪಬ್ಲಿಷ್ ಆಗಿ, ಸಮಯ ತುಂಬುವ ಮೊದಲೇ ಪೋಸ್ಟ್‌ಮ್ಯಾನ್ ಸತ್ತರೆ ಅದೇ ಸಾಲು ಇನ್ನೊಮ್ಮೆ ಹೋಗುತ್ತದೆ. ಪಬ್‌ಸಬ್ ಕೂಡ ಡೀಫಾಲ್ಟ್ ಆಗಿ ಒಮ್ಮೆಯಾದರೂ ಮುಟ್ಟಿಸುತ್ತೇನೆ ಅನ್ನುತ್ತದೆಯೇ ಹೊರತು ಒಮ್ಮೆ ಮಾತ್ರ ಅನ್ನುವುದಿಲ್ಲ. ನಮ್ಮ ಎಸ್ಸೆಮ್ಮೆಸ್ ಸರ್ವಿಸ್ ಪುಶ್ ಸಬ್‌ಸ್ಕ್ರಿಪ್ಶನ್‌ನಲ್ಲಿತ್ತು, ಅಂದರೆ ಪಬ್‌ಸಬ್ ತಾನೇ ಮೆಸೇಜ್ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಉತ್ತರ ಕೊಡಲು ಇರುವ ಡೀಫಾಲ್ಟ್ ಗಡುವು 10 ಸೆಕೆಂಡ್. ಎಸ್ಸೆಮ್ಮೆಸ್ ಗೇಟ್‌ವೇ ಒಂದು ಸಂಜೆ 15 ಸೆಕೆಂಡ್ ತೆಗೆದುಕೊಳ್ಳತೊಡಗಿತು. ಪಬ್‌ಸಬ್ ಉತ್ತರ ಬರಲಿಲ್ಲ ಅಂತ ಮತ್ತೆ ಕಳಿಸಿತು. ಒಬ್ಬ ಗಿರಾಕಿಗೆ "ನಿಮ್ಮ ಆರ್ಡರ್ ಬಂದಿದೆ" ಅಂತ ನಾಲ್ಕು ಸಲ ಹೋಗಿತ್ತು. ಅವರ ಸ್ಕ್ರೀನ್‌ಶಾಟ್ ಇನ್ನೂ ನನ್ನ ಹತ್ತಿರ ಇದೆ.

ಗಡುವನ್ನು 60 ಸೆಕೆಂಡ್‌ಗೆ ಏರಿಸಿದೆ. 600ರವರೆಗೂ ಏರಿಸಬಹುದು. ಆದರೆ ನಿಜವಾಗಿ ಕಾಪಾಡಿದ್ದು ಪಡೆಯುವ ಕಡೆ ಹಾಕಿದ ಯೂನಿಕ್ ಐಡಿ. ಸ್ಟಾಕ್ ಸರ್ವಿಸ್ ಆ ಐಡಿಯನ್ನೂ ಸ್ಟಾಕ್ ಕಡಿತವನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯುತ್ತದೆ, ಮತ್ತೆ ಬಂದ ಮೆಸೇಜನ್ನು ಸುಮ್ನೆ ಬಿಟ್ಟುಬಿಡುತ್ತದೆ. ಎಸ್ಸೆಮ್ಮೆಸ್‌ಗೆ ಆ ಭಾಗ್ಯ ಇಲ್ಲ. ಕಳಿಸಿದ್ದನ್ನು ರೋಲ್‌ಬ್ಯಾಕ್ ಮಾಡಿ ವಾಪಸ್ ಪಡೆಯಲಾಗುತ್ತದಾ? ಅಲ್ಲಿ ಐಡಿ ಮೊದಲು ಬರೆದು ಆಮೇಲೆ ಕಳಿಸುತ್ತೇವೆ. ಅಪರೂಪಕ್ಕೊಂದು ತಪ್ಪಿಹೋದರೂ ಪರವಾಗಿಲ್ಲ ಅಂತ ಎಲ್ಲರೂ ಕೂತು ತೀರ್ಮಾನಿಸಿದೆವು.

ಮೆಸೇಜ್‌ಗಳ ಕ್ರಮಕ್ಕೆ ಆರ್ಡರ್ ನಂಬರನ್ನೇ ಪಬ್‌ಸಬ್‌ನ ಆರ್ಡರಿಂಗ್ ಕೀ (ಒಂದೇ ಕೀ ಇರುವ ಮೆಸೇಜ್‌ಗಳು ಕ್ರಮವಾಗಿ ಮುಟ್ಟುತ್ತವೆ) ಮಾಡಿದ್ದೇವೆ. ಇಲ್ಲದಿದ್ದರೆ ಕ್ಯಾನ್ಸಲ್ ಮೊದಲು ಬಂದು ಆರ್ಡರ್ ಆಮೇಲೆ ಬರುತ್ತದೆ. ಒಂದು ಎಚ್ಚರಿಕೆ: ಈ ಸೌಲಭ್ಯವನ್ನು ಸಬ್‌ಸ್ಕ್ರಿಪ್ಶನ್ ಮಾಡುವಾಗಲೇ ಆನ್ ಮಾಡಬೇಕು, ಆಮೇಲೆ ಬದಲಿಸಲಾಗದು. ನಾನು ರಾತ್ರಿ ಹನ್ನೊಂದಕ್ಕೆ ಹೊಸದು ಮಾಡಿ, ಹಳೆಯದು ಖಾಲಿಯಾಗುವವರೆಗೆ ಕಾದು ಕೂತಿದ್ದೆ. ಪೋಸ್ಟ್‌ಮ್ಯಾನ್ ಕೂಡ ಒಂದೇ ಓಡಬೇಕು. ಎರಡು ಓಡಿಸಿದರೆ ಸ್ಕಿಪ್ ಲಾಕ್ಡ್ ಇದ್ದೂ ಕ್ರಮ ಕೆಡುತ್ತದೆ.

ಈಗ ನಾನು ನೋಡುವುದು ಒಂದೇ ಅಂಕಿ: ಕಳಿಸದೆ ಉಳಿದ ಅತಿ ಹಳೇ ಸಾಲಿಗೆ ಎಷ್ಟು ಹೊತ್ತಾಗಿದೆ ಅಂತ. 5 ನಿಮಿಷ ದಾಟಿದರೆ ಫೋನ್ ಕೂಗುತ್ತದೆ. ಮೊದಲ ಸಲ ಕೂಗಿದ್ದು ಒಂದು ಭಾನುವಾರ ಬೆಳಿಗ್ಗೆ, ತಿಂಡಿ ಹೊತ್ತಿಗೆ. ಹಿಂದಿನ ದಿನ ಬೇಡದ ಪರ್ಮಿಶನ್‌ಗಳನ್ನು ಕ್ಲೀನ್ ಮಾಡುತ್ತೇನೆ ಅಂತ ಹೋಗಿ, ಪೋಸ್ಟ್‌ಮ್ಯಾನ್‌ನ ಪಬ್ಲಿಷ್ ಪರ್ಮಿಶನ್ನನ್ನೇ ತೆಗೆದಿದ್ದೆ. ರಾತ್ರಿ ಪೂರ್ತಿ ಆರ್ಡರ್ ಇರಲಿಲ್ಲ, ಬೆಳಿಗ್ಗೆ ಶುರುವಾದ ಮೇಲೆ ಗೊತ್ತಾಯಿತು. ವಾಪಸ್ ಕೊಟ್ಟ ಮೇಲೆ 312 ಸಾಲು ಒಂದು ನಿಮಿಷದೊಳಗೆ ಹೋದವು. ಅಂಗಡಿಯಿಂದ ಫೋನ್ ಬಂತು: "ಸರ್, ಇಷ್ಟೊಂದು ಆರ್ಡರ್ ಒಟ್ಟಿಗೇ ಬಂದ್ವು. ಆಫರ್ ಏನಾದ್ರೂ ಹಾಕಿದ್ದೀರಾ?"