ನೀರು ನಿಲ್ಲಿಸಿದ ಮೇಲೆ ಹೂ ಬಿಟ್ಟ ಬಾದಾಮಿ ಮಾವು

ತುಮಕೂರಿನ ನಮ್ಮ ಅತ್ತೆ ಮನೆ ಹಿತ್ತಿಲಲ್ಲಿ ಒಂದು ಬಾದಾಮಿ ಮಾವಿನ ಮರವಿದೆ. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಹೂ ತೋರಿಸಬೇಕು. ಇದು ಹತ್ತು ದಾಟಿದರೂ ಬರೀ ಸೊಪ್ಪು. ಗೊರಟೆಯಿಂದ ಎದ್ದ ಮರವಾಗಿದ್ದರೆ ಇನ್ನಷ್ಟು ಕಾಯೋಣ ಅನ್ನುತ್ತಿದ್ದೆ. ಪಕ್ಕದ ಮನೆಯವರು ಕಾಂಡಕ್ಕೆ ಮೊಳೆ ಹೊಡೆಯಿರಿ ಅಂದಿದ್ದರಂತೆ. ಅತ್ತೆಯಂತೂ "ಕಡಿಸಿಬಿಡೋಣ ಕಣಮ್ಮ, ಎಲೆ ಗುಡಿಸಿ ಸಾಕಾಯ್ತು" ಅಂದರು.

ನಾನು ಹೋಗಿ ನೋಡಿದ್ದು ಡಿಸೆಂಬರ್‌ನಲ್ಲಿ. ಊರಿನ ಮಾವೆಲ್ಲ ಹೂವಿಗೆ ಅಣಿಯಾಗುವ ಹೊತ್ತಿನಲ್ಲಿ ಇದರ ರೆಂಬೆ ತುದಿಗಳಲ್ಲಿ ತಾಮ್ರ ಬಣ್ಣದ ಎಳೆ ಚಿಗುರು ಜೋತಾಡುತ್ತಿತ್ತು. ಅರ್ಧ ಉತ್ತರ ಅಲ್ಲೇ ಇತ್ತು. ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯಲ್ಲಿ. ಮಳೆಗಾಲದ ಚಿಗುರು ಬಲಿತು, ಮಳೆ ನಿಂತು ನೆಲ ಒಣಗಿ, ರಾತ್ರಿ ಚಳಿ ತಗುಲಿದರೆ ಆ ತುದಿಯಲ್ಲಿ ಎಲೆಯ ಬದಲು ಹೂಗೊಂಚಲು ಹೊರಡುತ್ತದೆ. ಇಲ್ಲಿ ನೆಲ ಒಣಗಲು ಬಿಟ್ಟವರಾರು? ಬಚ್ಚಲ ನೀರು, ಪಾತ್ರೆ ತೊಳೆದ ನೀರು ಎಲ್ಲ ನೇರ ಬುಡಕ್ಕೆ. ಸಾಲದ್ದಕ್ಕೆ ದಸರಾ ಮುಗಿದ ಮೇಲೆ ಯೂರಿಯಾ ಬೇರೆ. ಮರ ಚಿಗುರದೆ ಇನ್ನೇನು ಮಾಡೀತು!

ಮುಂದಿನ ವರ್ಷ ಬಚ್ಚಲ ನೀರಿಗೆ ಪೈಪ್ ಹಾಕಿಸಿ ಬಾಳೆ ಬುಡಕ್ಕೆ ತಿರುಗಿಸಿದೆವು. ಗೊಬ್ಬರವನ್ನು ಜೂನ್‌ನಲ್ಲೇ ಮುಗಿಸಿದೆ, ಯೂರಿಯಾ ಪೂರ್ತಿ ಬಂದ್. ಮರದ ಒಳಗೂ ಬಿಸಿಲು ಬೀಳಲೆಂದು ಒಳಗಿನ ಕೆಲವು ರೆಂಬೆಗಳನ್ನು ಜೂನ್‌ನಲ್ಲೇ ತೆಗೆಸಿದೆ. ನವೆಂಬರ್‌ನಲ್ಲಿ ಮಾವಿಗೆ ಕತ್ತರಿ ಹಾಕಿದರೆ ಬರುವ ಹೂವನ್ನೇ ಕತ್ತರಿಸಿದಂತೆ. ಸೀಬೆಯ ಲೆಕ್ಕ ಬೇರೆ, ಅದು ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ, ಹದವಾಗಿ ಸವರಿದರೆ ಒಳ್ಳೆಯದು.

ನವೆಂಬರ್ ಕೊನೆಗೆ ಎಲೆ ಮಡಚಿ ನೋಡಿದೆ; ಪಟ್ಟನೆ ಮುರಿಯಿತು, ಬಲಿತಿದೆ ಅಂತಾಯಿತು. ಹೂ ಹೊರಡಲು ಪ್ರಚೋದನೆಯಾಗಲೆಂದು ಲೀಟರ್ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಕರಗಿಸಿ, ಸಂಜೆ ಹೊತ್ತು ಎಲೆ ತೋಯುವಂತೆ ಸಿಂಪಡಿಸಿದೆ. ಗೊಬ್ಬರದ ಅಂಗಡಿಯವರು ಕಲ್ಟಾರ್ (ಚಿಗುರು ತಡೆದು ಹೂ ಬರಿಸಲು ಬುಡಕ್ಕೆ ಹಾಕುವ ಔಷಧಿ) ಹಾಕಿ ಅಂದರು. ಅದು ಮಣ್ಣಿನಲ್ಲಿ ಬಹುಕಾಲ ಉಳಿಯುವ ಔಷಧಿ. ಪಕ್ಕದಲ್ಲೇ ಸೊಪ್ಪು ಬೆಳೆಯುವ ಹಿತ್ತಿಲಿಗೆ ಯಾಕೆ?

ಸಂಕ್ರಾಂತಿ ಹೊತ್ತಿಗೆ ಪೂರ್ವದ ಕಡೆ ರೆಂಬೆಗಳಲ್ಲಿ ಹೂ ಬಂತು. ಪಡುವಣ ಕಡೆ ಮನೆಯ ನೆರಳು, ಅಲ್ಲಿ ಈಗಲೂ ಕಡಿಮೆಯೇ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲಷ್ಟೇ ಮತ್ತೆ ನೀರು ಕೊಟ್ಟೆವು. ಬಾದಾಮಿ ವರ್ಷ ಬಿಟ್ಟು ವರ್ಷ ಚೆನ್ನಾಗಿ ಕಾಯಿ ಬಿಡುವ ಜಾತಿ, ಬರುವ ಸಲ ಇಷ್ಟು ಹೂ ಬರದಿರಬಹುದು. ಅತ್ತೆಗೆ ಈಗಲೇ ಹೇಳಿಟ್ಟಿದ್ದೇನೆ, ಮತ್ತೆ ಕೊಡಲಿ ಹುಡುಕಬೇಡಿ ಅಂತ.