ಬೇಟೆ ಪಿಸ್ತೂಲಿಗೆ ಸ್ಲಿಂಗ್: ನನ್ನ ಅನುಭವ

ಪಿಸ್ತೂಲಿಗೆ ಸ್ಲಿಂಗ್, ಅಂದರೆ ಕಟ್ಟುವ ಪಟ್ಟಿ, ಇರುವುದು ಹೆಗಲಿಗೆ ನೇತು ಹಾಕಿಕೊಳ್ಳಲಿಕ್ಕೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಾನು ಅದನ್ನು ಹಾಕಿಸಿದ್ದು ಹೊಡೆಯುವ ಹೊತ್ತಿಗೆ ಕೈ ನಿಲ್ಲಲಿ ಅಂತ. ಹೊತ್ತುಕೊಂಡು ಹೋಗಲು ಅನುಕೂಲವಾಗಿದ್ದು ಮೇಲಿನ ಲಾಭ.

ನಾನಿರುವುದು ಟೆಕ್ಸಸ್‌ನ ಆಸ್ಟಿನ್ ಹತ್ತಿರ. ಬೇಟೆಗೆ ಹೋಗುವುದು ಪಶ್ಚಿಮಕ್ಕಿರುವ ಹಿಲ್ ಕಂಟ್ರಿಗೆ, ಲ್ಯಾನೋ ಕಡೆಗೆ. ಸುಣ್ಣಕಲ್ಲು, ಗ್ರಾನೈಟ್, ಲೈವ್ ಓಕ್ ಮರಗಳು, ಎಲ್ಲೆಲ್ಲೂ ಪಾಪಾಸುಕಳ್ಳಿ. ವೈಟ್‌ಟೇಲ್ ಜಿಂಕೆ ಅಲ್ಲಿ ಎಷ್ಟಿವೆ ಅಂದರೆ ಸಂಜೆ ಕಾರು ಓಡಿಸಲು ಭಯವಾಗುತ್ತದೆ. ಕೊಡಗಿನಲ್ಲಿ ಬೆಳೆದವನಿಗೆ ಕೋವಿ ಹೊಸದೇನಲ್ಲ. ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆ, ಆಮೇಲೆ ಮರದ ಮೇಲಿನ ತೆಂಗಿನಕಾಯಿಗೆ ಗುರಿ. ಬೇಟೆ ಮಾತ್ರ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿದ ಕಥೆ, ನಾನು ಅದನ್ನು ಕಲಿತದ್ದು ಇಲ್ಲಿಗೆ ಬಂದ ಮೇಲೇ.

ಕೆಲಸದ ವೀಸಾದಲ್ಲಿ ಇರುವ ಗೆಳೆಯರು ಆಗಾಗ ಕೇಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಂಥವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೊಂದು ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತಲೆನೋವಿಲ್ಲ. ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರು ಬೇಟೆ ತರಬೇತಿ ಮುಗಿಸಬೇಕು. ಜಿಂಕೆಗೆ ಸೆಂಟರ್‌ಫೈರ್ ತೋಟಾನೇ ಬೇಕು (ಬುಡದ ನಡುವಿಗೆ ಬಡಿದಾಗ ಸಿಡಿಯುವಂಥದ್ದು), .22 ತರಹದ ರಿಮ್‌ಫೈರ್ (ಬುಡದ ಅಂಚಿಗೆ ಬಡಿದಾಗ ಸಿಡಿಯುವಂಥದ್ದು) ನಡೆಯುವುದಿಲ್ಲ. ಬೇರೆ ರಾಜ್ಯಗಳ ನಿಯಮ ಬೇರೆ. ಓಹಾಯೋದಲ್ಲಿ ಪಿಸ್ತೂಲಿನಿಂದ ಜಿಂಕೆ ಹೊಡೆಯುವುದಾದರೆ ಅದು ನೇರ ಗೋಡೆಯ ತೋಟಾ, ಅಂದರೆ ಬಾಯಿಯ ಹತ್ತಿರ ಕಿರಿದಾಗದ ತೋಟಾ, ಹಾಕುವಂಥದ್ದೇ ಆಗಬೇಕು, ನನ್ನದು ಅಲ್ಲಿ ನಡೆಯುವುದಿಲ್ಲ.

ನನ್ನದು ಥಾಮ್ಸನ್/ಸೆಂಟರ್ ಕಂಟೆಂಡರ್. 1967ರಲ್ಲಿ ಬಂದ ಮಾದರಿ, ಈಗ ಹಳೆಯದೇ ಸಿಗುವುದು. ಊರಿನ ಒಂಟಿ ನಳಿಗೆಯ ತೋಟಾ ಕೋವಿಯ ಹಾಗೆ ಇದನ್ನೂ ಮಡಚಿ ಒಂದೇ ತೋಟಾ ಹಾಕಬೇಕು. ನಳಿಗೆ 14 ಇಂಚು, ತೋಟಾ .30-30 ಅನ್ನುವ ರೈಫಲ್ ತೋಟಾ. ಮೇಲೆ 2ರಿಂದ 7 ಪಟ್ಟು ದೊಡ್ಡದು ಮಾಡುವ ಪಿಸ್ತೂಲು ಸ್ಕೋಪ್. ಎಲ್ಲ ಸೇರಿ ಹತ್ತಿರ ಎರಡು ಕಿಲೋ.

ಈ ಎರಡು ಕಿಲೋ ತೂಕವನ್ನು ತೋಳು ಚಾಚಿ ಹಿಡಿದು ಸ್ಕೋಪಿನಲ್ಲಿ ನೋಡಿ, ಆಗ ಗೊತ್ತಾಗುತ್ತದೆ. ಅಡ್ಡಗೆರೆ, ಅಂದರೆ ಒಳಗೆ ಕಾಣುವ ಗುರಿಯ ಗೆರೆ, ಒಂದು ಕಡೆ ನಿಲ್ಲುವುದೇ ಇಲ್ಲ. ಎಂಟರ ಆಕಾರದಲ್ಲಿ ಸುತ್ತುತ್ತದೆ, ನಡುವೆ ನಾಡಿಬಡಿತಕ್ಕೆ ಚಿಕ್ಕ ಚಿಕ್ಕ ಜಿಗಿತ. ರೈಫಲ್ ಆದರೆ ಎರಡು ಕೈ, ಭುಜ, ಕೆನ್ನೆ, ಹೀಗೆ ನಾಲ್ಕು ಕಡೆ ಮೈಗೆ ತಾಗಿರುತ್ತದೆ. ಪಿಸ್ತೂಲಿಗೆ ಎರಡು ಕೈ ಬಿಟ್ಟರೆ ಬೇರೆ ಆಧಾರ ಇಲ್ಲ, ಅದೂ ತೋಳಿನ ತುದಿಯಲ್ಲಿ. ಸ್ಲಿಂಗ್ ಅದನ್ನು ಬೆನ್ನಿಗೂ ಹೆಗಲಿಗೂ ಕಟ್ಟಿ ಹಾಕುತ್ತದೆ.

ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೆ ಮಲಗಿ .22 ರೈಫಲ್ ಹೊಡೆದದ್ದು ನೆನಪಿರಬಹುದು. ಗುರಿ ಸ್ಪರ್ಧೆಯವರು ಹಾಗೆ ಮಲಗಿ ಹೊಡೆಯುವಾಗ ಸ್ಲಿಂಗನ್ನು ತೋಳಿಗೆ ಸುತ್ತಿಕೊಳ್ಳುತ್ತಾರೆ. ಅಲ್ಲಿ ಅದು ರೈಫಲನ್ನು ಹಿಂದಕ್ಕೆ, ಭುಜದ ಕಡೆ ಎಳೆಯುತ್ತದೆ. ಪಿಸ್ತೂಲಿಗೆ ಒತ್ತಿ ನಿಲ್ಲಲು ಭುಜವೇ ಇಲ್ಲವಲ್ಲ, ಹಾಗಾಗಿ ಇಲ್ಲಿ ಕೆಲಸ ಉಲ್ಟಾ. ನಾವು ಪಿಸ್ತೂಲನ್ನು ಮುಂದಕ್ಕೆ ತಳ್ಳಬೇಕು, ಸ್ಲಿಂಗ್ ಬಿಗಿದು ಅದನ್ನು ತಡೆಯಬೇಕು. ಈ ತಳ್ಳಾಟದಲ್ಲೇ ಕೈ ನಿಲ್ಲುವುದು. ಸುಮ್ನೆ ಕುತ್ತಿಗೆಗೆ ಹಾಕಿಕೊಂಡು ಎಂದಿನ ಹಾಗೆ ಹಿಡಿದರೆ ಸ್ಲಿಂಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಜೋಡಿಸಿದ್ದು ಹೀಗೆ. ಮುಂದಿನ ಮರದ ಹಿಡಿಕೆಯ ಕೆಳಗೆ ಒಂದು ಸ್ಟಡ್ (ಲೋಹದ ಗುಂಡಿ), ಕೈಹಿಡಿಯ ಬುಡದಲ್ಲಿ ಇನ್ನೊಂದು. ಎರಡಕ್ಕೂ ರೈಫಲಿಗೆ ಹಾಕುವಂಥದ್ದೇ ಸ್ವಿವೆಲ್, ಅಂದರೆ ಪಟ್ಟಿ ಸಿಕ್ಕಿಸುವ ತಿರುಗುವ ಕೊಂಡಿ. ಪಟ್ಟಿ ಒಂದು ಇಂಚು ಅಗಲದ ನೈಲಾನ್. ಅಂಗಡಿಯಲ್ಲಿ ಸಿಗುವ ಮೆತ್ತನೆಯ ನಿಯೋಪ್ರೀನ್ ಸ್ಲಿಂಗ್ ಹೊರಲು ಚೆಂದ, ಆದರೆ ಅದು ಹಿಗ್ಗುತ್ತದೆ. ತಳ್ಳಿದಷ್ಟೂ ಹೋಗುತ್ತದೆ, ವಾಪಸ್ ಎಳೆಯುತ್ತದೆ, ಅಡ್ಡಗೆರೆ ಕುಣಿಯುತ್ತದೆ. ಚರ್ಮ ಪರವಾಗಿಲ್ಲ, ಆದರೆ ಒದ್ದೆಯಾದರೆ ಅಳತೆ ಬದಲಾಗುತ್ತದೆ. ಸ್ವಿವೆಲ್‌ಗಳು ಟಿಣ್ ಅನ್ನದಂತೆ ಒಂದು ಸುತ್ತು ಬಟ್ಟೆಯ ಟೇಪ್ ಹಾಕಿದ್ದೇನೆ. ಜಿಂಕೆಗೆ ಆ ಸದ್ದು ಸಾಕು.

ಪಟ್ಟಿ ಎಡ ಹೆಗಲ ಮೇಲಿಂದ ಕುತ್ತಿಗೆ ಪಕ್ಕ ಹಾದು, ಬೆನ್ನಿಗೆ ಅಡ್ಡವಾಗಿ ಬಂದು, ಬಲಗಂಕುಳಿನ ಕೆಳಗಿಂದ ಮುಂದೆ ಬರುತ್ತದೆ. ನಾನು ಬಲಗೈಯವನು, ಎಡಚರು ಇದನ್ನೇ ತಿರುಗಿಸಿಕೊಳ್ಳಬೇಕು. ಬರೀ ಕುತ್ತಿಗೆಗೆ ಹಾಕಿಕೊಂಡರೆ ತಳ್ಳಿದಾಗ ತಲೆ ಮುಂದೆ ಬಾಗುತ್ತದೆ, ಐದು ನಿಮಿಷದಲ್ಲಿ ಕತ್ತು ಹಿಡಿದುಕೊಳ್ಳುತ್ತದೆ.

ಇನ್ನು ಉದ್ದ. ಇಡೀ ವಿಷಯ ಇರುವುದು ಇಲ್ಲೇ. ಮೊಣಕೈ ಪೂರ್ತಿ ಚಾಚುವ ಸ್ವಲ್ಪ ಮೊದಲೇ ಪಟ್ಟಿ ಬಿಗಿಯಬೇಕು. ಉದ್ದ ಜಾಸ್ತಿಯಾದರೆ ತೋಳು ಮುಗಿಯುತ್ತದೆ, ಪಟ್ಟಿ ಸಡಿಲವಾಗೇ ಇರುತ್ತದೆ. ತೀರಾ ಗಿಡ್ಡವಾದರೆ ಮೊಣಕೈ ಮಡಚಿ ಸ್ಕೋಪ್ ಮುಖದ ಹತ್ತಿರ ಬರುತ್ತದೆ, .30-30ರ ಒದೆತಕ್ಕೆ ಅದು ಹಣೆಗೆ ಬಡಿಯುವ ಅಪಾಯ. ನಾನು ಮಾಡಿದ್ದು ಇಷ್ಟೇ. ಪಿಸ್ತೂಲು ಖಾಲಿ ಇದೆ ಅಂತ ಮಡಚಿ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿ ಇಟ್ಟು, ಕಣ್ಣು ಮುಚ್ಚಿ ಪಿಸ್ತೂಲನ್ನು ಎದುರಿನ ಗೋಡೆಯತ್ತ ತಳ್ಳಿದೆ. ಕಣ್ಣು ಬಿಟ್ಟಾಗ ಸ್ಕೋಪಿನ ಒಳಗೆ ಅಂಚಿನಿಂದ ಅಂಚಿಗೆ ಬೆಳಕು ತುಂಬಿರಬೇಕು, ಅಂಚಿನಲ್ಲಿ ಎಲ್ಲೂ ಚಂದ್ರನ ಆಕಾರದ ಕಪ್ಪು ನೆರಳು ಕಾಣಬಾರದು. ಹಾಗೆ ಕಾಣುವವರೆಗೆ ಬಕಲ್ ಅತ್ತಿತ್ತ ಜರುಗಿಸಿ, ಆ ಜಾಗದಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದೆ.

ನಾನು ನೆನೆಸದೇ ಸಿಕ್ಕಿದ ಲಾಭ ಇದೇ. ಪಿಸ್ತೂಲು ಸ್ಕೋಪನ್ನು ಕಣ್ಣಿನಿಂದ ದೂರ ಹಿಡಿದು ನೋಡಬೇಕು. ಪಟ್ಟು ಹೆಚ್ಚಿಸಿದಷ್ಟೂ ಆ ದೂರ ಕರಾರುವಾಕ್ಕಾಗಿ ಇರಬೇಕು, ಇಲ್ಲದಿದ್ದರೆ ಚಿತ್ರವೇ ಮಾಯ. ಬರಿಗೈಯಲ್ಲಿ ಪ್ರತಿ ಸಲ ಅದನ್ನು ಹುಡುಕುತ್ತಾ ಕೂರಬೇಕು. ಸ್ಲಿಂಗ್ ಬಿಗಿದ ಮೇಲೆ ತೋಳಿನ ಅಳತೆ ಪ್ರತಿ ಸಲವೂ ಅದೇ, ಹಾಗಾಗಿ ಕಣ್ಣಿಗೂ ಸ್ಕೋಪಿಗೂ ಇರುವ ದೂರವೂ ಅದೇ. ಪಿಸ್ತೂಲು ಎತ್ತಿದರೆ ಚಿತ್ರ ತಾನಾಗಿ ಸಿಗುತ್ತದೆ. ಕೈ ನಿಲ್ಲುವುದಕ್ಕಿಂತ ಇದೇ ದೊಡ್ಡದು ಅಂತ ಕೆಲವೊಮ್ಮೆ ಅನ್ನಿಸುತ್ತದೆ.

ಗೆರೆ ಒಂದು ಸಾಲುವುದಿಲ್ಲ. ಇಲ್ಲಿ ಜಿಂಕೆ ಸೀಸನ್ ಶುರುವಾಗುವುದು ನವೆಂಬರ್ ಮೊದಲ ಶನಿವಾರ. ಬೆಳಗಿನ ಜಾವ ದಪ್ಪ ಜಾಕೆಟ್, ಮಧ್ಯಾಹ್ನ ಬರೀ ಅಂಗಿ. ಜಾಕೆಟ್ ಹಾಕಿದರೆ ಪಟ್ಟಿ ಸುತ್ತಿ ಬರುವ ದಾರಿ ಉದ್ದವಾಗುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಎರಡು ಗೆರೆ, ಬಿಳಿ ಗೆರೆ ಅಂಗಿಗೆ, ಕೆಂಪು ಗೆರೆ ಜಾಕೆಟ್ಟಿಗೆ.

ತಳ್ಳುವ ಬಲ ಎಷ್ಟಿರಬೇಕು? ಪಟ್ಟಿ ಸಡಿಲವಾಗದಷ್ಟು, ಅಷ್ಟೇ. ಇರುವ ಶಕ್ತಿಯೆಲ್ಲ ಹಾಕಿದರೆ ತೋಳಿನ ಸ್ನಾಯುವೇ ನಡುಗಲು ಶುರು. ಎರಡೂ ಕೈ ಒಂದೇ ಸಮ ತಳ್ಳಬೇಕು, ಬಲಗೈ ಜಾಸ್ತಿ ತಳ್ಳಿದರೆ ಟ್ರಿಗರ್ ಬೆರಳೂ ಬಿಗಿಯಾಗುತ್ತದೆ. ಸರಿಯಾಗಿ ಕೂತರೆ ಸ್ಕೋಪಿನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಂಟರ ಆಕಾರದ ಸುತ್ತಾಟ ಹೋಗಿ, ಅಡ್ಡಗೆರೆ ಮೇಲೆ ಕೆಳಗೆ ಮಾತ್ರ ನಿಧಾನವಾಗಿ ಏರಿಳಿಯುತ್ತದೆ. ಅದು ಉಸಿರು. ಪಟ್ಟಿ ಎದೆಗೂಡಿನ ಸುತ್ತ ಹಾದಿರುವುದರಿಂದ ಉಸಿರು ತೆಗೆದುಕೊಂಡಾಗೆಲ್ಲ ಅದನ್ನು ಎಳೆಯುತ್ತದೆ. ಉಸಿರು ಬಿಟ್ಟ ಮೇಲೆ ಮುಂದಿನದು ಶುರುವಾಗುವ ಮೊದಲು ಸಣ್ಣ ಬಿಡುವು ಇರುತ್ತದಲ್ವಾ, ಅಲ್ಲಿ ಅಡ್ಡಗೆರೆ ನಿಲ್ಲುತ್ತದೆ. ಟ್ರಿಗರ್ ಅಲ್ಲೇ.

ರೇಂಜಿನಲ್ಲಿ ಆರು ಇಂಚಿನ ಕಾಗದದ ತಟ್ಟೆ ಇಟ್ಟು ಅಭ್ಯಾಸ ಮಾಡಿದೆ. ಹಿಲ್ ಕಂಟ್ರಿಯ ಜಿಂಕೆಗಳು ಸಣ್ಣವು, ಹೃದಯ ಮತ್ತು ಶ್ವಾಸಕೋಶದ ಜಾಗಕ್ಕೆ ಅದಕ್ಕಿಂತ ದೊಡ್ಡ ತಟ್ಟೆ ಇಟ್ಟರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ. ನಿಂತು, ಸ್ಲಿಂಗ್ ಬಿಗಿದು, 50 ಗಜ ನನ್ನ ಮಿತಿ. ಕೂತು ಎರಡೂ ಮೊಣಕೈ ಮಂಡಿಯ ಒಳಬದಿಗೆ ಒತ್ತಿ ಸ್ಲಿಂಗನ್ನೂ ಬಿಗಿದರೆ 100 ಗಜದವರೆಗೆ ಧೈರ್ಯ ಬರುತ್ತದೆ. ಲೋಹದ ಪ್ರಾಣಿ ಆಕಾರಗಳಿಗೆ ಪಿಸ್ತೂಲು ಹೊಡೆಯುವ ಸ್ಪರ್ಧೆ 1970ರ ದಶಕದಿಂದ ಇಲ್ಲಿ ನಡೆಯುತ್ತಿದೆ. ಅದರಲ್ಲಿ 200 ಮೀಟರ್ ದೂರದ ಟಗರನ್ನೂ ಬೀಳಿಸುತ್ತಾರೆ, ಬೆನ್ನ ಮೇಲೆ ಮಲಗಿ ನಳಿಗೆಯನ್ನು ಕಾಲಿಗೆ ಒರಗಿಸಿಕೊಂಡು. ಲ್ಯಾನೋದಲ್ಲಿ ಹಾಗೆ ಮಲಗಿದರೆ ಬೆನ್ನಿನಿಂದ ಪಾಪಾಸುಕಳ್ಳಿ ಮುಳ್ಳು ಕೀಳಲು ಹೆಂಡತಿಯನ್ನು ಕರೆಯಬೇಕು.

ಸ್ಲಿಂಗ್ ನಿಜವಾಗಿ ಕೈಹಿಡಿದದ್ದು ಒಂದು ಒಣ ತೊರೆಯ ದಂಡೆಯಲ್ಲಿ. ಹೆಣ್ಣು ಜಿಂಕೆಯೊಂದು ಓಕ್ ಮರದಡಿ ಕಾಯಿ ಮೇಯುತ್ತಿತ್ತು, ಸುಮಾರು 45 ಗಜ. ಒರಗಲು ನನ್ನ ಹತ್ತಿರ ಮರವಿಲ್ಲ, ಕೂತರೆ ಹುಲ್ಲು ಅಡ್ಡ. ಅದು ತಲೆ ಬಗ್ಗಿಸಿದಾಗ ಹ್ಯಾಮರ್ ಎಳೆದು ಪಿಸ್ತೂಲನ್ನು ಮುಂದೆ ತಳ್ಳಿದೆ. ಪಟ್ಟಿ ಬೆನ್ನಿಗೆ ಒತ್ತಿದ್ದು ಜಾಕೆಟ್ ಒಳಗೂ ಗೊತ್ತಾಯಿತು. ಅಡ್ಡಗೆರೆ ಮುಂಗಾಲಿನ ಹಿಂದೆ ಇಳಿದು ಕೂತಿತು. ಹೊಡೆದಾಗ ನಳಿಗೆ ಮೇಲೆದ್ದಿತು, ಪಟ್ಟಿ ಸಡಿಲಾಯಿತು, ಮತ್ತೆ ಕೆಳಗೆ ಬಂದಾಗ ಜಿಂಕೆ ಅದೇ ಮರದಡಿ ಬಿದ್ದಿತ್ತು. ಮಾಂಸದ ಅಡುಗೆಗೆ ಹಾಕಲು ಊರಿಂದ ತಂದ ಕಾಚಂಪುಳಿ ಹುಳಿ ಅವತ್ತು ಖರ್ಚಾಯಿತು.

ಇಲ್ಲಿನ ಹೆಚ್ಚಿನ ಬೇಟೆ ನಡೆಯುವುದು ಬ್ಲೈಂಡ್ ಅನ್ನುವ ಗುಡಿಸಲೊಳಗೆ ಕೂತು. ಅಲ್ಲಿ ಕಿಟಕಿ ಅಂಚಿಗೆ ಮರಳಿನ ಚೀಲ ಇಟ್ಟರೆ ಮುಗಿಯಿತು, ಯಾವ ಸ್ಲಿಂಗೂ ಅದಕ್ಕೆ ಸಮ ಅಲ್ಲ. ಆಗ ನಾನು ಪಟ್ಟಿ ಕಳಚಿಯೇ ಇಡುತ್ತೇನೆ. ಬಿಗಿದ ಪಟ್ಟಿ ಮುಂದಿನ ಹಿಡಿಕೆಯನ್ನು, ಅದರ ಮೂಲಕ ನಳಿಗೆಯನ್ನು ಎಳೆಯುವುದರಿಂದ ಗುಂಡು ಬೀಳುವ ಜಾಗ ಸ್ವಲ್ಪ ಬದಲಾಗಬಹುದು. ಮರಳಿನ ಚೀಲದ ಮೇಲೆ ಸರಿಮಾಡಿದ ಸ್ಕೋಪನ್ನು ಸ್ಲಿಂಗ್ ಬಿಗಿದು ಇನ್ನೊಮ್ಮೆ ಹೊಡೆದು ನೋಡಿಕೊಳ್ಳಿ.

ಇಷ್ಟೆಲ್ಲ ಯಾಕೆ, ಭುಜಕ್ಕೆ ಒಂದು ಹಿಡಿ ಸಿಕ್ಕಿಸಿಬಿಡು ಅನ್ನುವವರೂ ಇದ್ದಾರೆ. ಹಾಗೆ ಮಾಡಿದರೆ 16 ಇಂಚಿಗಿಂತ ಗಿಡ್ಡ ನಳಿಗೆಯ ಈ ಪಿಸ್ತೂಲು 1934ರ ಫೆಡರಲ್ ಕಾಯ್ದೆಯ ಪ್ರಕಾರ ಗಿಡ್ಡ ರೈಫಲ್ ಆಗುತ್ತದೆ, ನೋಂದಣಿ ಇಲ್ಲದೆ ಅಪರಾಧ. ಇದೇ ಕಂಟೆಂಡರ್ ಜೊತೆ ಭುಜದ ಹಿಡಿ, ಉದ್ದ ನಳಿಗೆ ಸೇರಿಸಿ ಮಾರಿದ ಕಿಟ್ ವಿಚಾರ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ, 1992ರಲ್ಲಿ ಕಂಪನಿ ಗೆದ್ದಿತು. ಸ್ಲಿಂಗಿಗೆ ಆ ರಗಳೆ ಇಲ್ಲ.

ರಿವಾಲ್ವರ್ ಇರುವವರಿಗೆ ಒಂದು ಮಾತು. .44 ಮ್ಯಾಗ್ನಮ್‌ಗೆ ನಾನು ಮುಂದೆ ಪಟ್ಟಿ ಕಟ್ಟುವುದಿಲ್ಲ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಪಕ್ಕಕ್ಕೆ ಬಿಸಿ ಗ್ಯಾಸ್ ಚಿಮ್ಮುತ್ತದೆ, ಆ ದಾರಿಯಲ್ಲಿ ನೈಲಾನ್ ಪಟ್ಟಿ ಸಿಕ್ಕರೆ ಕರಗಿ ಹರಿದುಹೋಗುತ್ತದೆ, ಬೆರಳು ಸಿಕ್ಕರೆ ಇನ್ನೂ ಕಷ್ಟ. ಕೈಹಿಡಿಯ ಬುಡಕ್ಕೆ ಮಾತ್ರ ಕೊಂಡಿ ಹಾಕಿ, ಎರಡೂ ತುದಿಯನ್ನು ಅಲ್ಲಿಗೇ ತಂದಿದ್ದೇನೆ. ಹಳೆಯ ಮಿಲಿಟರಿ ವೆಬ್ಲಿ ರಿವಾಲ್ವರುಗಳ ಬುಡದಲ್ಲಿ ಬಳೆ ಇರುತ್ತಿತ್ತಲ್ಲ, ಅದೇ ಜಾಗ. ಕಂಟೆಂಡರ್‌ನಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ, ಮೂತಿ ಇನ್ನೂ ಸ್ವಲ್ಪ ಅಲ್ಲಾಡುತ್ತದೆ. ಅದಕ್ಕೇ ಅದರಲ್ಲಿ 35 ಗಜ ದಾಟಿದರೆ ಬಿಟ್ಟುಬಿಡುತ್ತೇನೆ.