ಚರ್ಮದ ಕೆಲಸಕ್ಕೆ ಬೇಕಾದ ಉಪಕರಣಗಳನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ?

ಪಾಕೀಟು, ಬೆಲ್ಟು, ಕೈಚೀಲಗಳನ್ನು ಸ್ವಂತವಾಗಿ ಹೊಲಿಯಬೇಕೆಂಬ ಆಸೆ ಹುಟ್ಟಿದ ಕೂಡಲೇ ಹತ್ತಾರು ಉಪಕರಣಗಳಿರುವ ಅಗ್ಗದ ಪೆಟ್ಟಿಗೆಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದು ಈಗ ರೂಢಿಯಾಗಿದೆ. ಅಂಥ ಪೆಟ್ಟಿಗೆಯ ಅಲಗುಗಳು ಬಹುಪಾಲು ಮೊಂಡಾಗಿಯೇ ಬರುತ್ತವೆ. ಹಿಡಿಗಳು ಯಾರ ಅಂಗೈಗೂ ಸರಿಯಾಗಿ ಕೂರುವುದಿಲ್ಲ. ಇದಕ್ಕೆ ಪ್ರತಿಯಾಗಿ ಅಥಣಿ, ನಿಪ್ಪಾಣಿ ಸುತ್ತಮುತ್ತ ಕೊಲ್ಹಾಪುರಿ ಚಪ್ಪಲಿ ತಯಾರಿಸುವ ಕುಶಲಕರ್ಮಿಗಳನ್ನು ನೋಡಿ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಸೇರಿ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಚಪ್ಪಲಿಯ ಹಿಂದಿರುವುದು ಕೆಲವೇ ಕೆಲವು ಕೈ ಉಪಕರಣಗಳು. ಶರಣ ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಬರುವ ಕೈಯುಳಿ, ಕತ್ತಿ, ಅಡಿಗೂಂಟಗಳೂ ಈ ಕಸುಬಿನವೇ. ಉಪಕರಣಗಳ ಸಂಖ್ಯೆ ಹೆಚ್ಚಾದರೆ ಕೆಲಸ ಚೆನ್ನಾಗುವುದಿಲ್ಲ; ಇರುವ ನಾಲ್ಕೈದು ನಮ್ಮ ಕೈಗೆ ಒಗ್ಗಿ, ಹರಿತವಾಗಿರಬೇಕು. ಅವುಗಳಲ್ಲಿ ಹೆಚ್ಚಿನವನ್ನು ಗುಜರಿ ಸಾಮಾನಿನಿಂದ ಮನೆಯಲ್ಲೇ ಮಾಡಿಕೊಳ್ಳಬಹುದು.

ಮೊದಲು ರಂಪಿಗೆ

ಚರ್ಮವನ್ನು ಕತ್ತರಿಸಲು ಮತ್ತು ಅಂಚನ್ನು ತೆಳ್ಳಗೆ ಹೆರೆಯಲು ಬಳಸುವ ರಂಪಿಗೆಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದನ್ನು ಮಾಡುವಾಗ ಕಲಿತ ಮಸೆಯುವ ಕೆಲಸ ಮುಂದಿನ ಎಲ್ಲ ಉಪಕರಣಗಳಿಗೂ ಬೇಕಾಗುತ್ತದೆ. ಇದಕ್ಕೆ ಅತ್ಯುತ್ತಮ ವಸ್ತುವೆಂದರೆ ವರ್ಕ್‌ಶಾಪುಗಳಲ್ಲಿ ಕಬ್ಬಿಣದ ಸರಳು ಕೊಯ್ಯುವ ಪವರ್ ಹ್ಯಾಕ್ಸಾ ಯಂತ್ರದ ಸವೆದ ಬ್ಲೇಡು. ಅದು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪದ ಹೈಸ್ಪೀಡ್ ಉಕ್ಕಿನದಾಗಿರುತ್ತದೆ. ಕೈಯಿಂದ ಬಳಸುವ ಸಣ್ಣ ಹ್ಯಾಕ್ಸಾ ಬ್ಲೇಡು ನೋಡಲು ಹಾಗೆಯೇ ಇದ್ದರೂ ಕೆಲಸಕ್ಕೆ ಬರುವುದು ಕಡಿಮೆ: ಈಗಿನ ಬೈಮೆಟಲ್ ಬ್ಲೇಡುಗಳಲ್ಲಿ ಹಲ್ಲಿನ ಸಾಲು ಮಾತ್ರ ಗಟ್ಟಿ ಉಕ್ಕಿನದು, ಬೆನ್ನು ಬಾಗುವಂಥ ಮೆತು ಉಕ್ಕಿನದು. ಗುರುತಿಸುವುದು ಕಷ್ಟವಲ್ಲ. ಬ್ಲೇಡಿನ ಬೆನ್ನಿನ ಮೇಲೆ ಒಂದು ಅರವನ್ನು ಉಜ್ಜಿದಾಗ ಅದು ಗಾಜಿನ ಮೇಲೆ ಜಾರಿದಂತೆ ಜಾರಿದರೆ ಇಡೀ ಬ್ಲೇಡು ಗಟ್ಟಿಯಾಗಿದೆ ಎಂದರ್ಥ. ಕಚ್ಚಿಕೊಂಡು ಪುಡಿ ಉದುರಿಸಿದರೆ ಅದನ್ನು ಬಿಟ್ಟು ಬೇರೆಯದನ್ನು ಹುಡುಕಬೇಕು.

ಸುಮಾರು 18 ಸೆಂಟಿಮೀಟರ್ ಉದ್ದದ ತುಂಡನ್ನು ಆಂಗಲ್ ಗ್ರೈಂಡರಿನಿಂದ ಕತ್ತರಿಸಿಕೊಂಡು, ಹಲ್ಲುಗಳನ್ನು ಪೂರ್ತಿ ಸವೆಸಿ ತೆಗೆಯಿರಿ. ಗ್ರೈಂಡರ್ ಇಲ್ಲದವರು ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಇದಿಷ್ಟನ್ನು ಮಾಡಿಸಿಕೊಂಡರೆ ಸಾಕು, ಉಳಿದದ್ದು ಕೈಯಿಂದಲೇ ಆಗುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು, ಏಕೆಂದರೆ ಇಷ್ಟು ಗಟ್ಟಿಯಾದ ಉಕ್ಕು ಬಾಗದೆ ಚೂರಾಗಿ ಸಿಡಿಯುತ್ತದೆ. ತಿರುಗುವ ಗ್ರೈಂಡರಿನ ಮುಂದೆ ಬಟ್ಟೆಯ ಕೈಗವಸು ಹಾಕಿಕೊಳ್ಳುವುದೂ ಅಪಾಯ. ಅದರ ಎಳೆ ಚಕ್ರಕ್ಕೆ ಸಿಕ್ಕಿದರೆ ಕೈಯನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಮುಂದಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಒಂದೇ ಬದಿಯಲ್ಲಿ ಇಳಿಜಾರು ಕೊಡಬೇಕು. ಹೆರೆಯುವ ಅಲಗಿಗೆ 15ರಿಂದ 20 ಡಿಗ್ರಿ ಕೋನ ಸೂಕ್ತ. ಕೋನಮಾಪಕ ಹಿಡಿದು ಅಳೆಯುವ ಅಗತ್ಯವಿಲ್ಲ: ಒಂದೂವರೆ ಮಿಲಿಮೀಟರ್ ದಪ್ಪದ ಬ್ಲೇಡಿನಲ್ಲಿ ಇಳಿಜಾರಿನ ಮುಖ 4.4 ಮಿಲಿಮೀಟರ್ ಅಗಲವಿದ್ದರೆ ಕೋನ 20 ಡಿಗ್ರಿ, 5.8 ಮಿಲಿಮೀಟರ್ ಇದ್ದರೆ 15 ಡಿಗ್ರಿ. ಈ ಅಗಲವನ್ನು ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಗುರುತು ಮಾಡಿಕೊಂಡು ಗೆರೆಯವರೆಗೆ ಸವೆಸಿದರೆ ಆಯಿತು. ಎಡಗೈಯವರು ಇಳಿಜಾರನ್ನೂ ಓರೆಯನ್ನೂ ಎದುರು ಬದಿಗೆ ಕೊಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಸಿಗುವ ಇಂಥ ಕತ್ತಿಗಳು ಹೆಚ್ಚಾಗಿ ಬಲಗೈಯವರಿಗೆಂದೇ ಮಾಡಿದವಾದ್ದರಿಂದ, ಸ್ವಂತವಾಗಿ ಮಾಡಿಕೊಳ್ಳುವುದರ ನಿಜವಾದ ಲಾಭ ಎಡಗೈಯವರಿಗೇ ಹೆಚ್ಚು.

ಹೈಸ್ಪೀಡ್ ಉಕ್ಕು ಗ್ರೈಂಡರಿನ ಬಿಸಿಗೆ ಸುಲಭವಾಗಿ ಹದ ಕಳೆದುಕೊಳ್ಳುವುದಿಲ್ಲ. ಹಳೆಯ ಅರದಿಂದ ಕತ್ತಿ ಮಾಡುವವರು ಮಾತ್ರ ಬಹಳ ಎಚ್ಚರವಾಗಿರಬೇಕು. ಅದು ಕಾರ್ಬನ್ ಉಕ್ಕು, ಅಂಚಿನಲ್ಲಿ ನೀಲಿ ಬಣ್ಣ ಕಾಣಿಸಿಕೊಂಡಿತೆಂದರೆ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಆ ಭಾಗ ಮೆತ್ತಗಾಗಿದೆ ಎಂದೇ ತಿಳಿಯಬೇಕು. ಎರಡು ಮೂರು ಸೆಕೆಂಡಿಗೊಮ್ಮೆ ನೀರಿನಲ್ಲಿ ಅದ್ದುತ್ತಾ ಸವೆಸುವುದೇ ದಾರಿ. ಅರದ ಉಕ್ಕು ಇದ್ದ ಹಾಗೆಯೇ ಬಳಸಲು ತೀರ ಪೆಡಸು, ಕೈಜಾರಿ ಬಿದ್ದರೆ ಮುರಿಯುತ್ತದೆ. ಅದನ್ನು ಒಂದು ಕಡೆ ಹೊಳಪಾಗುವಂತೆ ಉಜ್ಜಿ, ಮನೆಯ ಓಟಿಜಿ ಒವೆನ್‌ನಲ್ಲಿ 200–220 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ತಣಿಸಿ, ಮತ್ತೊಮ್ಮೆ ಅಷ್ಟೇ ಹೊತ್ತು ಇಟ್ಟರೆ ಹೊಳಪಿನ ಜಾಗ ಒಣಹುಲ್ಲಿನ ತಿಳಿಹಳದಿಗೆ ತಿರುಗುತ್ತದೆ. ಕತ್ತಿಗೆ ಬೇಕಾದ ಹದ ಅದೇ.

ಇನ್ನು ಮಸೆಯುವುದು. ದುಬಾರಿ ಸಾಣೆಕಲ್ಲು ಬೇಡ. ದಪ್ಪ ಗಾಜಿನ ತುಂಡೊಂದರ ಮೇಲೆ 220, 400, 1000, 2000 ಅಂಕೆಯ ವಾಟರ್ ಪೇಪರುಗಳನ್ನು (ಒದ್ದೆಯಾಗಿ ಬಳಸುವ ಉಪ್ಪುಕಾಗದ; ಅಂಕೆ ಹೆಚ್ಚಿದಷ್ಟೂ ನಯ) ಒಂದಾದ ಮೇಲೊಂದರಂತೆ ಹಾಸಿ, ನೀರು ಚಿಮುಕಿಸಿ ಬಳಸಿದರೆ ಸಾಕು. ಇಳಿಜಾರಿಗಿಂತ ಮೊದಲು ಅಲಗಿನ ಹಿಂಬದಿಯನ್ನು ಸಮತಟ್ಟು ಮಾಡಬೇಕೆಂಬುದನ್ನು ಹಲವರು ಮರೆಯುತ್ತಾರೆ. ಹಿಂಬದಿ ಉಬ್ಬಿದ್ದರೆ ಎಷ್ಟು ಮಸೆದರೂ ಅಲಗು ಚರ್ಮದೊಳಗೆ ನೇರವಾಗಿ ಇಳಿಯದೆ ಮೇಲಕ್ಕೆ ಏಳುತ್ತದೆ. ಇಳಿಜಾರಿಗೆ ಮಾರ್ಕರ್ ಬಳಿದು ನಾಲ್ಕು ಸಲ ಉಜ್ಜಿ ನೋಡಿದರೆ ಬಣ್ಣ ಎಲ್ಲಿ ಹೋಗಿದೆ, ಎಲ್ಲಿ ಉಳಿದಿದೆ ಎಂಬುದರಿಂದ ಕೋನ ಸರಿಯಿದೆಯೋ ಇಲ್ಲವೋ ತಕ್ಷಣ ತಿಳಿಯುತ್ತದೆ. ಹಿಂಬದಿಯ ಮೇಲೆ ಬೆರಳನ್ನು ಅಲಗಿನ ಆಚೆಗೆ ಮೆಲ್ಲಗೆ ಸವರಿದಾಗ ತುದಿಯುದ್ದಕ್ಕೂ ಸಣ್ಣ ತರಿ ಸಿಕ್ಕಿದ ಮೇಲೆಯೇ ಮುಂದಿನ ನಯವಾದ ಕಾಗದಕ್ಕೆ ಹೋಗಬೇಕು. ಕೊನೆಯಲ್ಲಿ, ಮರದ ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿಗೆ ಲೋಹಕ್ಕೆ ಹೊಳಪು ಕೊಡುವ ಹಸಿರು ಪಾಲಿಶ್ ಬಳಿದು, ಅಲಗನ್ನು ಬಾಯಿಯ ವಿರುದ್ಧ ದಿಕ್ಕಿನಲ್ಲಿ ಮಾತ್ರ ಎಳೆಯುತ್ತಾ ಇಪ್ಪತ್ತು ಮೂವತ್ತು ಸಲ ಒರೆಯಬೇಕು. ಚರ್ಮದ ಒರಟು ಬದಿಯ ಅಂಚನ್ನು ಹೆರೆದಾಗ ಹೆರಕಲು ರಿಬ್ಬನ್ನಿನಂತೆ ಉದ್ದಕ್ಕೆ ಬಂದರೆ ರಂಪಿಗೆ ಸಿದ್ಧ. ನಾರು ನಾರಾಗಿ, ಪುಡಿಯಾಗಿ ಬಂದರೆ ಮತ್ತೆ 1000ದ ಕಾಗದಕ್ಕೆ ಹಿಂದಿರುಗಬೇಕು. ಹಿಡಿಗೆ ಚರ್ಮದ ಪಟ್ಟಿಯನ್ನು ಅಂಟು ಹಚ್ಚಿ ಬಿಗಿಯಾಗಿ ಸುತ್ತಿದರೆ ಸಾಕು.

ಕೈಯುಳಿ ಮತ್ತು ಅದರ ಹಿಡಿ

ಹೊಲಿಗೆಗೆ ತೂತು ಮಾಡುವ ಕೈಯುಳಿಯ ಮೊನೆ ದುಂಡಗಿರಬಾರದು, ವಜ್ರಾಕೃತಿಯಲ್ಲಿರಬೇಕು. ದುಂಡು ಮೊನೆ ಚರ್ಮದ ನಾರನ್ನು ಸುತ್ತಲೂ ತಳ್ಳಿ ತೂತನ್ನು ಹಿಗ್ಗಿಸುತ್ತದೆ. ವಜ್ರಾಕೃತಿಯ ಮೊನೆ ಓರೆಯಾದ ಸಣ್ಣ ಸೀಳನ್ನು ಕೊಡುತ್ತದೆ, ದಾರ ಹಾದುಹೋದ ಮೇಲೆ ಅದು ಮುಚ್ಚಿಕೊಂಡು ಹೊಲಿಗೆ ಒಂದೇ ಓರೆಯಲ್ಲಿ ಕೂರುತ್ತದೆ. ಸೈಕಲ್ ಕಡ್ಡಿಯಿಂದ ಇದನ್ನು ಮಾಡಲು ಹೋಗುವವರಿದ್ದಾರೆ, ಆದರೆ ದಪ್ಪ ಚರ್ಮಕ್ಕೆ ಒತ್ತಿದಾಗ ಅದು ಬಾಗುತ್ತದೆ. ಗೋಡೆಗೆ ಹೊಡೆಯುವ ಗಟ್ಟಿ ಕಾಂಕ್ರೀಟ್ ಮೊಳೆ ಉತ್ತಮ. ಅದರ ಮೇಲಿನ ಸತುವಿನ ಲೇಪವನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ಬೆಂಕಿಗೆ ಹಿಡಿದು ಸುಡಬೇಡಿ, ಸತುವಿನ ಹೊಗೆ ವಿಷಕಾರಿ.

ಮೊಳೆಯ ತಲೆಯನ್ನು ಕತ್ತರಿಸಿ, ತುದಿಯ ಮೂರು ಸೆಂಟಿಮೀಟರಿನಷ್ಟನ್ನು ಡೈಮಂಡ್ ಅರದಿಂದ ನಾಲ್ಕು ಮುಖವಾಗಿ ಸವೆಸಬೇಕು. ಎದುರುಬದುರಾದ ಎರಡು ಮೂಲೆಗಳು ಚೂಪಾಗಿದ್ದು, ಉಳಿದೆರಡು ನುಣ್ಣಗೆ ದುಂಡಗಿರಲಿ. ಪಾಕೀಟಿನಂಥ ಕೆಲಸಕ್ಕೆ ಚೂಪು ಮೂಲೆಗಳ ನಡುವಿನ ಅಗಲ ಎರಡು ಮಿಲಿಮೀಟರ್ ಮೀರದಿದ್ದರೆ ಒಳ್ಳೆಯದು. ನಯವಾದ ಕಾಗದದಲ್ಲಿ ಹೊಳಪು ಬರುವವರೆಗೂ ತಿಕ್ಕಬೇಕು, ಇಲ್ಲದಿದ್ದರೆ ಚುಚ್ಚುವಾಗಲೂ ಎಳೆಯುವಾಗಲೂ ಕೈ ಸೋಲುತ್ತದೆ.

ಹಿಡಿಗೆ ಸೀಬೆ, ಹುಣಸೆ, ಜಾಲಿಯಂಥ ಒತ್ತಾದ ಮರದ ಒಣ ತುಂಡು ಬೇಕು. ಅದರ ಉದ್ದವನ್ನು ನಿಮ್ಮ ಕೈಯಿಂದಲೇ ಅಳೆಯಿರಿ: ದುಂಡಗಿನ ತಲೆ ಅಂಗೈಯ ಗುಳಿಯಲ್ಲಿ ಕೂತಾಗ ತೋರುಬೆರಳಿನ ತುದಿ ಲೋಹ ಶುರುವಾಗುವ ಜಾಗವನ್ನು ಮುಟ್ಟಬೇಕು. ಅದಕ್ಕಿಂತ ಉದ್ದವಾದರೆ ಮೊನೆ ಅಲುಗುತ್ತದೆ, ಗಿಡ್ಡವಾದರೆ ಮಣಿಕಟ್ಟು ನೋಯುತ್ತದೆ. ಮೊಳೆಗಿಂತ ಕೂದಲೆಳೆಯಷ್ಟು ಸಣ್ಣದಾದ ರಂಧ್ರವನ್ನು ಎರಡೂವರೆ ಸೆಂಟಿಮೀಟರ್ ಆಳಕ್ಕೆ ಕೊರೆದು, ಮರ ಸೀಳದಂತೆ ಕೊರಳಿಗೆ ದಾರ ಸುತ್ತಿ ಅಂಟು ಹಾಕಿ, ಮೊಳೆಯನ್ನು ಅರಾಲ್ಡೈಟ್ ಹಚ್ಚಿ ಕೂರಿಸಿ ಒಂದು ದಿನ ಬಿಡಬೇಕು. ಅಂಟು ಆರುವ ಮೊದಲು ಮಾಡಬೇಕಾದ ಮುಖ್ಯ ಕೆಲಸವೊಂದಿದೆ. ಹಿಡಿಯ ಒಂದು ಪಕ್ಕವನ್ನು ಮೊದಲೇ ಚಪ್ಪಟೆಯಾಗಿ ಹೆರೆದಿಟ್ಟುಕೊಂಡು, ಮೊನೆಯ ಚೂಪು ಮೂಲೆಗಳು ಆ ಚಪ್ಪಟೆಗೆ ಸಮಾನಾಂತರವಾಗಿ ನಿಲ್ಲುವಂತೆ ತಿರುಗಿಸಿಡಿ. ಆಗ ಹೆಬ್ಬೆರಳು ಚಪ್ಪಟೆಯ ಮೇಲೆ ಕೂತ ಕೂಡಲೇ ಮೊನೆಯ ದಿಕ್ಕು ನೋಡದೆಯೇ ತಿಳಿಯುತ್ತದೆ, ನೂರು ತೂತುಗಳೂ ಒಂದೇ ಓರೆಯಲ್ಲಿ ಬರುತ್ತವೆ. ಕೊಂಡ ಕೈಯುಳಿಗೂ ಈ ಚಪ್ಪಟೆಯನ್ನು ಹೆರೆದುಕೊಳ್ಳಬಹುದು. ಇಷ್ಟು ಸಣ್ಣ ಬದಲಾವಣೆಯಿಂದ ಹೊಲಿಗೆ ಇಷ್ಟು ಸುಧಾರಿಸುವುದು ಬೇರೆ ಯಾವುದರಿಂದಲೂ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಉಳಿದ ಸಣ್ಣ ಸಾಧನಗಳು

ಅಂಚಿನಿಂದ ಸಮದೂರದಲ್ಲಿ ಹೊಲಿಗೆಯ ಗೆರೆ ಎಳೆಯಲು ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ, ಎರಡೂ ಕಾಲು ಮೊನೆಯಿರುವ ಡಿವೈಡರ್ ಸಾಕು. ಅದರ ಒಂದು ಮೊನೆಯನ್ನು ದುಂಡಗೆ ಸವೆಸಿ ಅಂಚಿನ ಹೊರಗೆ ಜಾರುವಂತೆ ಮಾಡಿ, ಇನ್ನೊಂದನ್ನು ಗೀರಿದರೂ ಹರಿಯದಷ್ಟು ಮೊಂಡು ಮಾಡಿಕೊಳ್ಳಬೇಕು. ಅಂಚನ್ನು ಉಜ್ಜಿ ಹೊಳಪು ತರುವ ಕೋಲಿಗೆ ಯಾವುದೇ ಗಟ್ಟಿ ಮರದ ತುಂಡಿನಲ್ಲಿ ದುಂಡು ಅರದಿಂದ ಚರ್ಮದ ದಪ್ಪಕ್ಕೆ ತಕ್ಕ ತೋಡು ತೆಗೆದರಾಯಿತು. ಕರಿಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ಚರ್ಮದ ಅಂಚು ಸ್ವಲ್ಪ ನೀರು ಮುಟ್ಟಿಸಿ ಉಜ್ಜಿದರೆ ಗಾಜಿನಂತಾಗುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ ಕ್ರೋಮ್ ಚರ್ಮದಲ್ಲಿ ಆ ಹೊಳಪು ಬರುವುದಿಲ್ಲ.

ದುಂಡು ತೂತಿನ ಪಂಚನ್ನು ಉಕ್ಕಿನ ಸಣ್ಣ ಕೊಳವೆಯಿಂದ ಮಾಡುವಾಗ ಹೊರಗಡೆಯಿಂದ ಮಾತ್ರ ಇಳಿಜಾರು ಕೊಡಬೇಕು, ಆಗಲೇ ತೂತಿನ ಅಳತೆ ಕೊಳವೆಯ ಒಳಗಿನ ಅಳತೆಗೆ ಸರಿಹೊಂದುತ್ತದೆ. ಒಳಗೆ ಸೇರಿಕೊಳ್ಳುವ ಚರ್ಮದ ಬಿಲ್ಲೆಗಳನ್ನು ಹೊರಗೆ ತಳ್ಳಲು ಪಕ್ಕದಲ್ಲೊಂದು ಕಿಂಡಿ ಕೊರೆಯಿರಿ. ಹೊಡೆಯಲು ಮರದ ಕೊಡತಿಯೇ ಇರಲಿ, ಕೆಳಗೆ ಮರದ ದಿಮ್ಮಿ ಇರಲಿ; ಕಲ್ಲಿನ ಮೇಲಿಟ್ಟು ಹೊಡೆದರೆ ಒಂದೇ ಏಟಿಗೆ ಬಾಯಿ ಮಡಚಿಕೊಳ್ಳುತ್ತದೆ.

ದೊಡ್ಡ ಮೊಳೆಯ ತಲೆಯಲ್ಲಿ ಹೂವು, ನಕ್ಷತ್ರಗಳನ್ನು ಅರದಿಂದ ಕೊರೆದು ಅಚ್ಚು ಮಾಡಿಕೊಳ್ಳುವುದು ಎಲ್ಲರಿಗೂ ಇಷ್ಟದ ಕೆಲಸ. ಆದರೆ ಒದ್ದೆ ಚರ್ಮದ ಮೇಲೆ ಬರಿ ಕಬ್ಬಿಣದ ಅಚ್ಚನ್ನು ಒತ್ತಿದರೆ ಹದ ಮಾಡುವಾಗ ಚರ್ಮಕ್ಕೆ ಸೇರಿದ ತೊಗಟೆಯ ಒಗರು ಅಂಶವಾದ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಪ್ಪು ಕಲೆಯಾಗುತ್ತದೆ. ನಿಂಬೆರಸ ಅದನ್ನು ತಿಳಿಗೊಳಿಸಬಹುದೇ ಹೊರತು ಪೂರ್ತಿ ಅಳಿಸಲಾರದು. ಆದ್ದರಿಂದ ಅಚ್ಚಿಗೆ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಉಕ್ಕಿನ ಬೋಲ್ಟನ್ನೇ ಆರಿಸಿಕೊಳ್ಳಿ. ಸಮ ಅಂತರದ ತೂತುಗಳನ್ನು ಗುರುತಿಸುವ, ಹಲವು ಹಲ್ಲುಗಳಿರುವ ಉಳಿಯನ್ನು ಮಾತ್ರ ಹೊಸಬರು ಕೊಂಡುಕೊಳ್ಳುವುದೇ ಲೇಸು, ಏಕೆಂದರೆ ಮೂರು ಮಿಲಿಮೀಟರ್ ಅಂತರದಲ್ಲಿ ಒಂದು ಹಲ್ಲು ಸ್ವಲ್ಪ ಸರಿದರೂ ಇಡೀ ಸಾಲು ಸೊಟ್ಟಗೆ ಕಾಣುತ್ತದೆ.

ಹಿಡಿಗಳಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಹಚ್ಚಿ ಒಣಗಿಸಿ. ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹರವಿ ಒಣಗಿಸಬೇಕು, ಮುದ್ದೆಯಾದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಮಾಡಿದ ಉಪಕರಣಗಳಿಗೆ ಚರ್ಮದ ಒರೆಯನ್ನೇ ಹೊಲಿಯಬೇಕೆಂದು ಅನ್ನಿಸುವುದು ಸಹಜ, ಹೊರಗೆ ಒಯ್ಯುವಾಗ ಅದು ಬೇಕೂ ಬೇಕು. ಆದರೆ ತೊಗಟೆಯಿಂದ ಹದ ಮಾಡಿದ ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಒರೆಯೊಳಗೇ ಬಿಟ್ಟ ಅಲಗಿಗೆ ತುಕ್ಕು ಬೇಗ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಅಲಗುಗಳನ್ನು ಒರೆಸಿ, ಮಷಿನ್ ಎಣ್ಣೆಯ ತೆಳು ಲೇಪ ಕೊಟ್ಟು, ರಂಧ್ರ ಕೊರೆದ ಮರದ ದಿಮ್ಮಿಯಲ್ಲಿ ನಿಲ್ಲಿಸಿಡಿ. ಮತ್ತೆ ಚರ್ಮಕ್ಕೆ ತಾಗಿಸುವ ಮುನ್ನ ಆ ಎಣ್ಣೆಯನ್ನು ಒಣಬಟ್ಟೆಯಿಂದ ತೆಗೆಯಿರಿ.